ಚಿಟ್ಟೆಯ ಕುಲ, ಮನುಷ್ಯನ ಕುಲ

ಚಿಟ್ಟೆಗಳ ವರ್ಗೀಕರಣ ನನ್ನ ಸಂಶೋಧನೆಯ ವಿಷಯ. ರಾಯಚೂರಿನಿಂದ ದೇವದುರ್ಗ, ಮಾನ್ವಿ ಕಡೆಯ ಹೊಲಗಳಿಗೆ ಹೋದಾಗ ಅಲ್ಲಿನ ಹಿರಿಯರು ಮೊದಲು ಊರು ಕೇಳುತ್ತಾರೆ, ಆಮೇಲೆ ‘ಯಾರ ಪೈಕಿರಿ?’ ಎನ್ನುತ್ತಾರೆ. ಚಿಟ್ಟೆಗಳ ಬಗ್ಗೆ ನಾನು ಕೇಳುವುದೂ ಅದನ್ನೇ. ‘ಜೀನಸ್’ ಎಂಬುದಕ್ಕೆ ನಮ್ಮ ಜೀವಶಾಸ್ತ್ರ ಬಳಸುವ ಪದವೂ ‘ಕುಲ’. ಹಾಗಾದರೆ ಈ ಎರಡೂ ಪ್ರಶ್ನೆಗಳು ಒಂದೇ ಏನು?

ಫ್ರಿಟಿಲರಿ ಎಂಬ ಚಿಟ್ಟೆಗಳಿವೆ. ಕಿತ್ತಳೆ ರೆಕ್ಕೆ, ಅದರ ಮೇಲೆ ಕಪ್ಪು ಚುಕ್ಕಿ. ದಕ್ಷಿಣ ಭಾರತದಲ್ಲಿ ಅವು ಪಳನಿ, ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ ವಾಸಿಸುತ್ತವೆ. ನಮ್ಮ ಬಯಲಿನಲ್ಲಿರುವುದು ಅವುಗಳ ದಾಯಾದಿಗಳು: ಟಾನಿ ಕಾಸ್ಟರ್ ಮತ್ತು ಕಾಮನ್ ಲೆಪರ್ಡ್. ಕಣ್ಣನ್ನಷ್ಟೇ ನಂಬಿದರೆ ಇಲ್ಲಿ ದಾರಿ ತಪ್ಪುತ್ತದೆ. ಹೆಣ್ಣು ಇಂಡಿಯನ್ ಫ್ರಿಟಿಲರಿ ನೋಡಲು ಪ್ಲೇನ್ ಟೈಗರ್‌ನಂತಿದೆ. ಹಕ್ಕಿಗಳು ತಿನ್ನಲು ಹೇಸುವ ಚಿಟ್ಟೆಯ ವೇಷ ಅದು, ರಕ್ತಸಂಬಂಧವಲ್ಲ. ಅಷ್ಟಾಗಿ ಹೋಲದ ಟಾನಿ ಕಾಸ್ಟರ್ ಮಾತ್ರ ಫ್ರಿಟಿಲರಿಯ ಉಪಕುಟುಂಬಕ್ಕೇ ಸೇರಿದ್ದು. ಫ್ರಿಟಿಲರಿಯ ಮರಿಹುಳು ವಯೋಲಾ ಗಿಡವನ್ನು ತಿಂದರೆ, ಟಾನಿ ಕಾಸ್ಟರ್‌ನದು ಅದೇ ಸಸ್ಯಕುಟುಂಬದ ಪುರುಷರತ್ನವನ್ನು ತಿನ್ನುತ್ತದೆ. ವಂಶವಾಹಿಗಳೂ ಈ ನೆಂಟಸ್ತನಕ್ಕೆ ಸಾಕ್ಷಿ ಹೇಳುತ್ತವೆ.

ಈ ಕುಲ ಶಾಶ್ವತವೂ ಅಲ್ಲ. 2006ರ ಒಂದು ಅಧ್ಯಯನ ದೊಡ್ಡ ಫ್ರಿಟಿಲರಿಗಳನ್ನೆಲ್ಲ ಆರ್ಗಿನಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿತು. 2017ರ ಇನ್ನೊಂದು ಅಧ್ಯಯನ ಅವನ್ನು ಮೂರು ಕುಲಗಳಾಗಿ ಬಿಡಿಸಿತು. ಸಾಕ್ಷ್ಯ ಬದಲಾದಾಗ ಹೆಸರು ಬದಲಾಯಿತು. ಯಾವ ಚಿಟ್ಟೆಯೂ ಮೇಲೇರಲಿಲ್ಲ, ಕೆಳಗಿಳಿಯಲಿಲ್ಲ. ವಂಶವೃಕ್ಷದಲ್ಲಿ ಇಂದು ಬದುಕಿರುವ ಕೊಂಬೆಗಳೆಲ್ಲ ಮೂಲ ಪೂರ್ವಜನಿಂದ ಒಂದೇ ಕಾಲದಷ್ಟು ದೂರ ಬಂದಿವೆ.

ಆದರೆ ವಿಜ್ಞಾನವೂ ಎಡವಿದೆ. ಲಿನೇಯಸ್ ಟಾನಿ ಕಾಸ್ಟರ್‌ಗೆ ಹೆಸರಿಟ್ಟದ್ದು 1758ರಲ್ಲಿ, ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೇ ಆವೃತ್ತಿಯಲ್ಲಿ. ಅದೇ ಪುಸ್ತಕದಲ್ಲಿ ಅವನು ಮನುಷ್ಯರನ್ನೂ ಭೂಖಂಡಗಳ ಪ್ರಕಾರ ನಾಲ್ಕಾಗಿ ವಿಂಗಡಿಸಿ ಗುಣಗಳನ್ನು ಹಂಚಿದ: ಯುರೋಪಿನವರು ಕಾನೂನಿಗೆ ನಡೆಯುವವರು, ಏಷ್ಯಾದವರು ದುರಾಸೆಯವರು. ಚಿಟ್ಟೆಯ ವಿಷಯದಲ್ಲಿ ‘ಯಾರಿಗೆ ಯಾರು ಹತ್ತಿರ’ ಎಂದು ಕೇಳಿದವನು ಮನುಷ್ಯರ ವಿಷಯಕ್ಕೆ ಬಂದಾಗ ‘ಯಾರು ಎಂಥವರು’ ಎಂದು ತೀರ್ಪು ಕೊಟ್ಟ.

‘ಯಾರ ಪೈಕಿ’ ಎಂಬ ಪ್ರಶ್ನೆಯಲ್ಲೇ ಕೆಡುಕಿಲ್ಲ. ಕೆಲವೊಮ್ಮೆ ಅದು ನೆಂಟಸ್ತನದ ಎಳೆ ಹುಡುಕುವ ಪ್ರೀತಿ. ಉತ್ತರ ಸಿಕ್ಕ ಮೇಲೆ ಕೂರುವ ಜಾಗ, ಚಹಾದ ಲೋಟ ಬದಲಾದರೆ ಕೆಡುಕು ಅಲ್ಲಿಂದ ಶುರುವಾಗುತ್ತದೆ. ಚಿಟ್ಟೆಯ ಕುಲವನ್ನು ಒಂದು ಸಾಕ್ಷ್ಯ ಬದಲಿಸಬಲ್ಲದು. ಆ ಲೋಟವನ್ನು ಬದಲಿಸುವ ಸಾಕ್ಷ್ಯ ಯಾವುದು?

ಮನುಷ್ಯರೆಲ್ಲ ಒಂದೇ ಪ್ರಭೇದ ಎಂದು ನನ್ನ ಶಾಸ್ತ್ರ ಹೇಳುತ್ತದೆ. ಗೆಳೆಯರು ಅದನ್ನೇ ಸಮಾನತೆಗೆ ಆಧಾರ ಎನ್ನುತ್ತಾರೆ. ನನಗೆ ಅಷ್ಟು ಸಾಲದು. ನಾಳೆ ನಮ್ಮ ನಡುವೆ ಯಾವುದೋ ವ್ಯತ್ಯಾಸ ಪತ್ತೆಯಾದರೂ ಬೇರೆ ಲೋಟ ನ್ಯಾಯವಾಗುವುದಿಲ್ಲ. ನೆಂಟಸ್ತನವನ್ನು ಪ್ರಯೋಗಾಲಯ ಹೇಳಲಿ. ಯಾರ ಪಕ್ಕ ಕೂರಬೇಕೆಂಬುದನ್ನು ಅದು ಹೇಳಲಾರದು. ಆ ಉತ್ತರವನ್ನು ನಾವೇ ಕೊಡಬೇಕು.