ಕೇಳಿದ ಮೇಲೆ

ಒಬ್ಬರನ್ನು ಏನಾದರೂ ಕೇಳಿ, ಉತ್ತರ ಬರುವ ಮೊದಲೇ ನಮ್ಮ ಕೆಲಸಕ್ಕೆ ತಿರುಗಿಕೊಂಡರೆ ಅದು ನಿರ್ಲಕ್ಷ್ಯವೇ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಕಂಪ್ಯೂಟರಿನಿಂದ ಎಂದರೆ ನೀವು ನಗಬಹುದು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ರಜೆಗೆಂದು ವಡ್ಡುವಿನ ನಮ್ಮ ಮನೆಗೆ ಬಂದಿದ್ದಳು. ಅವಳು ಬರೆಯುವುದೆಲ್ಲ ಇಮ್ಯಾಕ್ಸ್ ಎಂಬ ತಂತ್ರಾಂಶದಲ್ಲಿ. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು ಅದು. ರಿಚರ್ಡ್ ಸ್ಟಾಲ್ಮನ್ ಅದನ್ನು ಹೊಸದಾಗಿ ಬರೆದು 1985ರಲ್ಲಿ ಗ್ನೂ ಇಮ್ಯಾಕ್ಸ್ ಎಂದು ಹೊರತಂದರು. ಬಳಸುವವರೇ ಲಿಸ್ಪ್ ಭಾಷೆಯಲ್ಲಿ ಅದಕ್ಕೆ ಹೊಸ ಕೆಲಸ ಕಲಿಸಬಹುದಂತೆ.

ಅಂದು ಅವಳು ಹವಾಮಾನದ ವಿವರವನ್ನು ಇಂಟರ್‌ನೆಟ್‌ನಿಂದ ತರಲು ಕಲಿಸುತ್ತಿದ್ದಳು. ನೆಟ್‌ವರ್ಕ್ ನಿಧಾನವಿತ್ತು. ಪರದೆ ಕಲ್ಲಾಗಿ ಕೂತಿತು. ಒಂದಕ್ಷರವೂ ಮೂಡದು.

"ಉತ್ತರ ಬರೋವರೆಗೂ ಉಸಿರು ಬಿಗಿಹಿಡಿದು ಕುಂತೈತೆ ನೋಡಮ್ಮ, ನಿನ್ನಂಗೆ" ಎಂದು ನಕ್ಕು, ಕಂಟ್ರೋಲ್ ಮತ್ತು ಜಿ ಒತ್ತಿ ಬಿಡಿಸಿದಳು.

ಸುಳ್ಳಲ್ಲ. ಅವಳು ಫೋನ್ ಎತ್ತದಿದ್ದರೆ ಒಲೆ ಆರಿಸಿ ಕೂರುವವಳು ನಾನು.

ಆಮೇಲೆ ಇನ್ನೊಂದು ಬಗೆ ತೋರಿಸಿದಳು. ಯುಆರ್‌ಎಲ್-ರಿಟ್ರೀವ್ ಎಂಬ ಆಜ್ಞೆ ಪ್ರಶ್ನೆಯನ್ನು ಕಳಿಸಿ ತನ್ನ ಕೆಲಸಕ್ಕೆ ಮರಳುತ್ತದೆ. ಉತ್ತರ ಬಂದಾಗ ಏನು ಮಾಡಬೇಕೆಂದು ಮೊದಲೇ ಹೇಳಿಟ್ಟಿರಬೇಕು. ಅದಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ. ನನಗೆ ಹಳೆಯ ಟ್ರಂಕ್ ಕಾಲ್ ನೆನಪಾಯಿತು. ಪಕ್ಕದ ಮನೆಯ ಫೋನಿನಲ್ಲಿ ಬುಕ್ ಮಾಡಿ ಬಂದು ರೊಟ್ಟಿ ಬಡಿಯುತ್ತಿದ್ದೆವು. ಅವರು ಕೂಗಿದಾಗ ಓಡುತ್ತಿದ್ದೆವು.

ಆದರೆ ಇದೇನೂ ಹಗುರದ ದಾರಿಯಲ್ಲ. ಎರಡು ಪ್ರಶ್ನೆ ಕಳಿಸಿದರೆ ಎರಡನೆಯದರ ಉತ್ತರವೇ ಮೊದಲು ಬರಬಹುದು. ಉತ್ತರದ ಬದಲು ತಪ್ಪಿನ ಸುದ್ದಿ ಬಂದರೆ ಅದಕ್ಕೂ ಸಿದ್ಧವಿರಬೇಕು. ಏನೂ ಬಾರದಿದ್ದರೆ ಎಷ್ಟು ಹೊತ್ತು ನೋಡುವುದೆಂದು ಬರೆಯುವವರೇ ಗೊತ್ತುಮಾಡಬೇಕು. ಇಮ್ಯಾಕ್ಸ್ ಬಹುಮಟ್ಟಿಗೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವಂಥದು. ಉತ್ತರ ಬಾಗಿಲಿಗೆ ಬಂದು ನಿಂತರೂ ಕೈಗೆ ಬಿಡುವಾದಾಗಲೇ ಒಳಗೆ ಕರೆದುಕೊಳ್ಳುತ್ತದೆ.

"ಉತ್ತರ ಬರೋದ್ರೊಳಗೆ ಕೇಳಿದ ಪುಟಾನೇ ಮುಚ್ಚಿರಬಹುದಮ್ಮ. ಐತೋ ಇಲ್ಲೋ ನೋಡ್ಕೊಂಡೇ ಬರೀಬೇಕು" ಎಂದಳು.

ನಾನು ಸುಮ್ಮನಾದೆ.

ನಾನು ಬೇರೆ ಊರಿನ ಶಾಲೆಯಲ್ಲಿದ್ದಾಗ ಅವ್ವ ಒಂದು ಇನ್‌ಲ್ಯಾಂಡ್ ಪತ್ರ ಬರೆಸಿದ್ದಳು. ಇದ್ದದ್ದು ಒಂದೇ ಮಾತು: ಯಾವಾಗ ಬರುತ್ತಿ? ಉತ್ತರಪತ್ರಿಕೆಗಳ ಕಟ್ಟು ಮುಗಿಯಲಿ, ಬರೆದರಾಯಿತು ಎಂದುಕೊಂಡೆ. ನನ್ನ ಪತ್ರ ಮನೆ ಮುಟ್ಟಿದ್ದು ಅವಳು ಮಣ್ಣಾದ ಮೂರನೆಯ ದಿನ. ಅಡಿಗೆಮನೆಯಲ್ಲಿ ನನಗೆಂದು ಹಪ್ಪಳ ತುಂಬಿಟ್ಟ ಡಬ್ಬಿಯಿತ್ತು.

ಕೇಳಿ ತನ್ನ ಕೆಲಸಕ್ಕೆ ಹೋಗುವುದು ನಿರ್ಲಕ್ಷ್ಯವಲ್ಲ. ಅವ್ವ ಹೊಲಕ್ಕೆ ಹೋದಳು, ಹಪ್ಪಳ ಒತ್ತಿದಳು, ನನ್ನ ಉತ್ತರಕ್ಕೆ ಜಾಗವನ್ನೂ ಮಾಡಿಟ್ಟಳು. ಕಾಯುವುದು ಎಂದರೆ ಅದೇ. ತಪ್ಪಿದವಳು ನಾನು. ಕೇಳಿದವರು ನಮ್ಮನ್ನು ಕಟ್ಟಿಹಾಕಲಿಲ್ಲವೆಂದರೆ ಅವರಿಗೆ ಅವಸರವಿಲ್ಲವೆಂದು ತಿಳಿದುಕೊಂಡೆ. ಕಟ್ಟಿಹಾಕದಿರುವುದು ಕೇಳುವವರ ದೊಡ್ಡತನ. ಪುಟ ತೆರೆದಿರುವಾಗಲೇ ಉತ್ತರಿಸುವುದು ಕೇಳಿಸಿಕೊಂಡವರ ಧರ್ಮ.

ಈಗ ಮಗಳು ಫೋನ್ ಎತ್ತದಿದ್ದರೆ ನಾನು ಒಲೆ ಆರಿಸುವುದಿಲ್ಲ, ರೊಟ್ಟಿ ಬಡಿಯುತ್ತಿರುತ್ತೇನೆ. ಅವಳ ಫೋನ್ ಬಂದಾಗ ಮಾತ್ರ ಹಂಚಿನ ಮೇಲಿನ ರೊಟ್ಟಿ ಇಳಿಸಿ, ಹಿಟ್ಟಿನ ಕೈಯಲ್ಲೇ ಎತ್ತುತ್ತೇನೆ.