ನೋಟಕ್ಕೂ ಒಂದು ನೀತಿಯುಂಟು

ಆಕಾಶದ ಹಕ್ಕಿಗಳತ್ತ ಕಣ್ಣು ಹಾಯಿಸುವಂತೆ ಯೇಸುಸ್ವಾಮಿ ಶಿಷ್ಯರಿಗೆ ಬೋಧಿಸಿದರು. ಬರಿದೇ ನೋಡುವುದರಲ್ಲಿ ಪಾಪಪುಣ್ಯದ ಪ್ರಶ್ನೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ಕೈಗೆ ಕ್ಯಾಮೆರಾ ಬಂದ ಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1893ರಲ್ಲಿ ಸ್ಥಾಪಿತವಾದ ಆಲ್ಗಾಂಕ್ವಿನ್ ಅರಣ್ಯೋದ್ಯಾನವನ್ನು ಗಮನಿಸಿ. ಚಳಿಗಾಲದಲ್ಲಿ ಅಲ್ಲಿನ ಸರೋವರಗಳು ಹೆಪ್ಪುಗಟ್ಟುತ್ತವೆ. ಬಹುಪಾಲು ಹಕ್ಕಿಗಳು ದಕ್ಷಿಣಕ್ಕೆ ವಲಸೆ ಹೋಗುತ್ತವೆ. ಉಳಿದವುಗಳ ಬಾಳು ಒಂದು ತಪಸ್ಸು. ಸುಮಾರು 12 ಗ್ರಾಂ ತೂಗುವ ಚಿಕಡೀ ಹಕ್ಕಿ ರಾತ್ರಿ ತನ್ನ ಮೈಶಾಖವನ್ನೇ ತಗ್ಗಿಸಿಕೊಂಡು ಜೀವ ಹಿಡಿದಿರುತ್ತದೆ. ಕೆನಡಾ ಜೇ ಹಕ್ಕಿಯು ಮೊದಲೇ ಆಹಾರದ ತುಣುಕುಗಳನ್ನು ಜೊಲ್ಲಿನಿಂದ ಮೆತ್ತಿ ತೊಗಟೆಯ ಸಂದುಗಳಲ್ಲಿ ಅಡಗಿಸಿಟ್ಟು, ಹಿಮ ಕರಗುವ ಮುನ್ನವೇ ಗೂಡು ಕಟ್ಟುತ್ತದೆ.

ಇವನ್ನು ಕಂಡು ಚಿತ್ರ ತೆಗೆಯುವುದು ಒಳ್ಳೆಯ ಹವ್ಯಾಸವೇ. ಆದರೆ ಉತ್ತರದ ಕಾಡುಗಳಲ್ಲಿ ಕೆಲವರು ಕೊಂಡುತಂದ ಇಲಿಗಳನ್ನು ಹಿಮದ ಮೇಲೆ ಬಿಟ್ಟು, ಹಸಿದ ಗೂಬೆಯನ್ನು ಕ್ಯಾಮೆರಾದತ್ತ ಹಾರಿಸುತ್ತಾರೆ. ಗೂಬೆಗೆ ಊಟ, ನಮಗೆ ಚಿತ್ರ, ಯಾರಿಗೆ ನಷ್ಟ? ಎಂಬುದು ಅವರ ವಾದ.

ಧರ್ಮಸಭೆಯ ನೀತಿಬೋಧೆಯು ಕೃತ್ಯ, ಉದ್ದೇಶ, ಸನ್ನಿವೇಶ ಎಂಬ ಮೂರನ್ನೂ ತೂಗಿನೋಡಲು ಕಲಿಸುತ್ತದೆ. ಉಣಿಸುವುದು ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಆಲ್ಗಾಂಕ್ವಿನ್‌ನ ಸಂದರ್ಶಕ ಕೇಂದ್ರದಲ್ಲೂ ಚಳಿಗಾಲದಲ್ಲಿ ಹಕ್ಕಿಗಳಿಗೆ ಕಾಳಿಡುತ್ತಾರೆ. ಆದರೆ ಇಲ್ಲಿ ಇನ್ನೊಂದು ಜೀವಿಯ ಹಸಿವೇ ನಮ್ಮ ಸೂತ್ರದ ದಾರವಾಗುತ್ತದೆ. ಮನುಷ್ಯರಿದ್ದಲ್ಲಿ ಆಹಾರವಿದೆಯೆಂದು ಕಲಿತ ಗೂಬೆ ರಸ್ತೆಯಂಚಿಗೆ ಬಂದು ವಾಹನಕ್ಕೆ ಸಿಲುಕಬಹುದು. ಚಿತ್ರ ನಮ್ಮದು, ಅಪಾಯ ಅದರದು.

ಅದೇ ಉದ್ಯಾನದಲ್ಲಿ 1960ರ ದಶಕದಿಂದ ಜೇ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ ಸಂಶೋಧಕರು ವರ್ಷವರ್ಷವೂ ಗಮನಿಸುತ್ತ ಬಂದಿದ್ದಾರೆ. ಅಲ್ಲಿ ಅವುಗಳ ಸಂಖ್ಯೆ ಕುಗ್ಗುತ್ತಿರುವುದು ತಿಳಿದದ್ದು ಈ ತಾಳ್ಮೆಯಿಂದ. ಬೆಚ್ಚಗಾದ ಶರತ್ಕಾಲದಲ್ಲಿ ಬಚ್ಚಿಟ್ಟ ಆಹಾರ ಕೆಡುವುದು ಇದಕ್ಕೆ ಕಾರಣವಿರಬಹುದೆಂದು ಅವರು ಭಾವಿಸುತ್ತಾರೆ. ಇಂಥ ನೋಟವು ನೋಡುವವನ ಮೇಲೆ ಹೊಣೆಯನ್ನು ಹೊರಿಸುತ್ತದೆ.

ಪ್ರತಿ ಜೀವಿಗೂ ನಮ್ಮ ಉಪಯೋಗವನ್ನು ಮೀರಿದ ಸ್ವಂತ ಬೆಲೆಯಿದೆಯೆಂದು ವಿಶ್ವಗುರು ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರ 'ಲೌದಾತೊ ಸಿ'ಯಲ್ಲಿ ನೆನಪಿಸಿದರು. ಅದನ್ನು ನಂಬುವವನು ಹಕ್ಕಿ ಬಾರದ ದಿನ ಚಿತ್ರವಿಲ್ಲದೆ ಮರಳಬಲ್ಲನು.

ಈ ಮಾತು ಕಾಡಿಗಷ್ಟೇ ಸೀಮಿತವಲ್ಲ. ಬಡವನ ಕೈಗೆ ಕಂಬಳಿಯಿತ್ತು, ಅವನನ್ನು ಕ್ಯಾಮೆರಾದತ್ತ ತಿರುಗಿಸಿ ನಿಲ್ಲಿಸುವಾಗಲೂ ನಾವು ಕೇಳಿಕೊಳ್ಳಬೇಕು: ಇಲ್ಲಿ ನಿಜವಾಗಿ ಹಸಿದಿರುವವರು ಯಾರು?