ಆಡಿನ ಕೂದಲನ್ನು ನೂತ ಸ್ತ್ರೀಯರು

ಓದತಕ್ಕ ಭಾಗ: ವಿಮೋಚನಕಾಂಡ 35ನೆಯ ಅಧ್ಯಾಯ, 25 ಮತ್ತು 26ನೆಯ ವಚನಗಳು



ಇಸ್ರಾಯೇಲ್ಯರು ಅರಣ್ಯದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟಿದ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣು ಬಂಗಾರದ ಮೇಲೆಯೂ ರತ್ನಗಳ ಮೇಲೆಯೂ ನಿಲ್ಲುವದು ಸಹಜವು. ಆ ಕೆಲಸವನ್ನು ನಡಿಸಿದ ಬೆಚಲೇಲನ ಹೆಸರೂ ಒಹೊಲೀಯಾಬನ ಹೆಸರೂ ಅವರ ತಂದೆಗಳ ಹೆಸರುಗಳ ಸಹಿತವಾಗಿ ಅಲ್ಲಿ ಬರೆಯಲ್ಪಟ್ಟಿವೆ. ಅದಕ್ಕಿಂತ ನಾಲ್ಕು ವಚನಗಳ ಮುಂಚೆ, ತಮ್ಮ ಕೈಗಳಿಂದ ನೂತು ನೂಲನ್ನು ತಂದ ಸ್ತ್ರೀಯರ ವಿಷಯವೂ ಉಂಟು. ಕೆಲವರು ನೀಲ, ಧೂಮ್ರ, ರಕ್ತ ವರ್ಣಗಳ ನೂಲನ್ನೂ ನಯವಾದ ನಾರಿನ ನೂಲನ್ನೂ ತಂದರು. ಬೇರೆ ಕೆಲವರು ಆಡಿನ ಕೂದಲನ್ನು ನೂತರು. ಇವರಲ್ಲಿ ಒಬ್ಬಳ ಹೆಸರಾದರೂ ನಮಗೆ ತಿಳಿಯದು.

ಈ ಆಡಿನ ಕೂದಲಿನ ನೂಲು ಎಲ್ಲಿಗೆ ಹೋಯಿತೆಂದು ನೋಡಿರಿ. 26ನೆಯ ಅಧ್ಯಾಯದಲ್ಲಿ ಅದರ ಲೆಕ್ಕ ಸಿಕ್ಕುವದು. ನಯವಾದ ನಾರಿನ ಪರದೆಗಳು ಹತ್ತು. ಒಂದೊಂದರ ಉದ್ದ 28 ಮೊಳ. ಅವುಗಳ ಮೇಲೆ ಹೊದಿಸತಕ್ಕ ಆಡಿನ ಕೂದಲಿನ ಪರದೆಗಳು ಹನ್ನೊಂದು. ಒಂದೊಂದರ ಉದ್ದ 30 ಮೊಳ. ಒರಟಾದದ್ದು ನಯವಾದದ್ದಕ್ಕಿಂತ ಒಂದು ಪರದೆ ಹೆಚ್ಚು, ಎರಡು ಮೊಳ ಉದ್ದ. ಯಾಕಂದರೆ ಅದು ಎರಡು ಪಕ್ಕಗಳಲ್ಲಿಯೂ ಇಳಿಬಿದ್ದು ಒಳಗಿನ ಚಿತ್ರಕೆಲಸವನ್ನು ಮುಚ್ಚಿ ಕಾಯಬೇಕಾಗಿತ್ತು. ಅರಬಿ ದೇಶದ ಗುಡಾರವಾಸಿಗಳು ಆಡಿನ ಕೂದಲಿನ ಬಟ್ಟೆಯನ್ನು ಹೊದಿಸಿದ್ದು ಇದೇ ಕಾರಣಕ್ಕಾಗಿಯೇ. ಒಣಗಿರುವಾಗ ಅದರಲ್ಲಿ ಗಾಳಿಯಾಡುವದು, ಮಳೆ ಬಿದ್ದರೆ ನೂಲು ಉಬ್ಬಿ ಸಂದುಗಳು ಮುಚ್ಚಿಕೊಳ್ಳುವವು. ಆಡಿನ ಕೂದಲು ನುಣುಪಾದದ್ದು. ನೂಲುವವಳ ಬೆರಳಿನಿಂದ ಜಾರಿಹೋಗುವದು. ಅದನ್ನು ನೂಲುವದಕ್ಕೆ ಹೆಚ್ಚಿನ ಜಾಣತನ ಬೇಕು. ಆ ಸ್ತ್ರೀಯರು ಆಡುಗಳ ಬೆನ್ನ ಮೇಲಿಂದಲೇ ಕೂದಲನ್ನು ನೂತರೆಂದು ಯೆಹೂದ್ಯರ ಪಂಡಿತನಾದ ರಾಶಿ (1040-1105) ಬರೆದಿದ್ದಾನೆ. ನಮ್ಮ ಹಳ್ಳಿಯ ಆಡುಗಳು ಅಷ್ಟು ಹೊತ್ತು ಸುಮ್ಮನೆ ನಿಲ್ಲುವವೆಂದು ನನಗೆ ತೋರುವದಿಲ್ಲ. ಆದರೆ ಆ ಕೈಗಳನ್ನು ಪಂಡಿತನು ಗೌರವದಿಂದ ನೆನಸಿದನೆಂಬದು ಇದರಿಂದ ತಿಳಿಯುವದು.

ನಮ್ಮ ಸೀಮೆಯಲ್ಲಿ ಆ ಆಡಿನ ಕೂದಲಿನ ಸ್ಥಾನದಲ್ಲಿರುವದು ದಖನಿ ಕುರಿಯ ಉಣ್ಣೆ. ಅದು ಹೆಚ್ಚಾಗಿ ಕಪ್ಪು; ಬಣ್ಣ ಹಾಕುವ ಅಗತ್ಯವಿಲ್ಲ. ಒರಟು, ಬರಿಮೈಗೆ ಚುಚ್ಚುವದು. ವರ್ಷಕ್ಕೆ ಎರಡಾವರ್ತಿ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಕಿಲೋಗ್ರಾಮು ಸಹ ದೊರೆಯದು. ಚಳ್ಳಕೆರೆಯ ಕಂಬಳಿಯನ್ನೂ ರಾಣೇಬೆನ್ನೂರು ತಾಲೂಕಿನ ಮೆಡ್ಲೇರಿಯ ಕಂಬಳಿಯನ್ನೂ ಅರಿಯದ ರೈತನು ನಮ್ಮಲ್ಲಿ ಯಾರು? ಅದರ ಮೇಲೆ ಮಳೆಹನಿ ಕೂಡಲೆ ಇಳಿಯದೆ ನಿಲ್ಲುವದಕ್ಕೆ ಉಣ್ಣೆಯಲ್ಲಿರುವ ಜಿಡ್ಡು ಒಂದು ಕಾರಣ. ತನ್ನ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆಯು ಮೈಗೆ ಒದ್ದೆಯಾಗಿ ತೋರದು. ರಾತ್ರಿ ಹೊಲ ಕಾಯುವವನಿಗೆ ಇದನ್ನು ನಾನು ಹೇಳಬೇಕಾದದ್ದಿಲ್ಲ.

ಆದರೆ ಕಂಬಳಿಯಾಗುವದಕ್ಕೆ ಮುಂಚೆ ನಡೆಯುವ ಕೆಲಸವನ್ನು ನಮ್ಮಲ್ಲಿ ಅನೇಕರು ಕಂಡರೂ ಗಮನಿಸಿಲ್ಲ. ಕತ್ತರಿಸಿದ ಉಣ್ಣೆಯಲ್ಲಿ ಮುಳ್ಳು, ಹುಲ್ಲು, ಹಿಕ್ಕೆ ಎಲ್ಲವೂ ಸಿಕ್ಕಿಕೊಂಡಿರುವವು. ಬೆರಳುಗಳಿಂದ ಅದನ್ನು ಹಿಂಜಬೇಕು. ಬಳಿಕ ಬಿಲ್ಲಿನ ತಂತಿಯಿಂದ ಬಡಿದು ಅರಳಿಸಬೇಕು. ಅರಳಿದ್ದನ್ನು ಹಂಜಿಯಾಗಿ ಸುತ್ತಬೇಕು. ಆಮೇಲೆ ಕದಿರು. ಕದಿರೆಂದರೆ ಒಂದು ಕಡ್ಡಿಯೂ ಅದಕ್ಕೆ ಭಾರವಾಗಿ ಒಂದು ಬಿಲ್ಲೆಯೂ, ಇಷ್ಟೇ. ರಾಟೆಯು ಬಹು ತಡವಾಗಿ ಬಂದದ್ದು. 1350ರಲ್ಲಿ ಬಹಮನಿ ಸುಲ್ತಾನನ ಆಶ್ರಯದಲ್ಲಿ ಇಸಾಮಿಯೆಂಬ ಕವಿಯು ಬರೆದ ಪಾರಸಿ ಕಾವ್ಯದಲ್ಲಿ ಅದರ ಮಾತು ಬರುತ್ತದೆ. ಆದಕಾರಣ ಮೋಶೆಯ ಕಾಲದ ಸ್ತ್ರೀಯರೂ, ಜ್ಞಾನೋಕ್ತಿಗಳ ಕಡೇ ಅಧ್ಯಾಯದಲ್ಲಿ ಹೊಗಳಲ್ಪಟ್ಟ ಗೃಹಿಣಿಯೂ ಕೈಗದಿರಿನಿಂದಲೇ ನೂತವರು. ಒಬ್ಬ ನೇಕಾರನ ಮಗ್ಗಕ್ಕೆ ತಡೆಯಿಲ್ಲದೆ ನೂಲನ್ನು ಒದಗಿಸಬೇಕಾದರೆ ಹಲವು ಜನ ನೂಲುವವರು ಬೇಕು. ಹಾಸಿಗೆ ಹುಣಿಸೆಬೀಜದ ಗಂಜಿಯನ್ನು ಬಳಿಯುವದೂ ಕುಣಿಮಗ್ಗದಲ್ಲಿ ಕೂತು ನೇಯುವದೂ ಅದರ ಮೇಲಿನ ಕೆಲಸ.

ಉಣ್ಣೆಯ ಒಂದೇ ಎಳೆಯನ್ನು ಮಗುವೂ ಹರಿಯಬಲ್ಲದು. ನೂಲುವವಳು ಅದಕ್ಕೆ ಅಂಟನ್ನು ಹಚ್ಚುವದಿಲ್ಲ. ಎಳೆಗಳನ್ನು ಜೊತೆಯಾಗಿ ಎಳೆದು ತಿರುವುತ್ತಾಳೆ, ಅಷ್ಟೇ. ತಿರುವಿದಾಗ ಅವು ಒಂದನ್ನೊಂದು ಒತ್ತಿ ಹಿಡಿಯುವವು. ಎಷ್ಟು ಬಲವಾಗಿ ಎಳೆದರೆ ಅಷ್ಟು ಬಲವಾಗಿ ಒಂದಕ್ಕೊಂದು ಅಂಟುವವು. ಹುರಿ ಕಡಿಮೆಯಾದರೆ ನೂಲು ಹರಿಯುವದೂ ಅಲ್ಲ, ಸುಮ್ಮನೆ ಜಾರಿ ಬೇರೆಯಾಗುವದು. ಹುರಿ ಹೆಚ್ಚಾದರೆ ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟುಗಂಟಾಗುವದು. ಮಕ್ಕಳನ್ನು ಬೆಳಿಸುವ ತಂದೆತಾಯಿಗಳೂ ಸಭೆಯ ಹಿರಿಯರೂ ಇದನ್ನು ತುಸು ಆಲೋಚಿಸಲಿ. ಕೆಲವು ಮನೆಗಳಲ್ಲಿ ಹುರಿಯೇ ಇಲ್ಲ. ಕೆಲವು ಮನೆಗಳಲ್ಲಿ ಹುರಿ ಹೆಚ್ಚಾಗಿ ಮಕ್ಕಳು ಮಾತನಾಡುವದನ್ನೇ ಬಿಟ್ಟಿದ್ದಾರೆ.

ಇನ್ನೊಂದು ಸಂಗತಿ. ನೂಲು ಹರಿದಾಗ ಕಲಿತವಳು ಗಂಟು ಹಾಕುವದಿಲ್ಲ. ಹರಿದ ತುದಿಯನ್ನು ಬಿಚ್ಚಿ ಅರಳಿಸಿ, ಹಂಜಿಯ ಹೊಸ ಎಳೆಗಳನ್ನು ಅದರ ಮೇಲೆ ಇಟ್ಟು, ಎರಡನ್ನೂ ಕೂಡಿಸಿ ತಿರುವುತ್ತಾಳೆ. ಬಳಿಕ ಎಲ್ಲಿ ಹರಿದಿತ್ತೆಂದು ಅವಳಿಗೇ ತಿಳಿಯದು. ಗಂಟು ಹಾಕುವದು ಬೇಗನೆ ಆಗುವ ಕೆಲಸವೇ. ಆದರೆ ಆ ಗಂಟು ಮಗ್ಗಕ್ಕೆ ಹೋದಾಗ ಹಣಿಗೆಯ ಸಂದಿನಲ್ಲಿ ಸಿಕ್ಕಿ ಅಲ್ಲಿಯೇ ತಿರಿಗಿ ಹರಿಯುವದು. ನಮ್ಮ ಸಭೆಗಳಲ್ಲಿ ಅಣ್ಣತಮ್ಮಂದಿರ ವ್ಯಾಜ್ಯವನ್ನು ತೀರಿಸುವಾಗ ಎಷ್ಟು ಸಾರಿ ಗಂಟು ಹಾಕಿಲ್ಲ! ಪಂಚರ ಮುಂದೆ ಕೈ ಹಿಡಿಸಿ, ಪ್ರಾರ್ಥನೆ ಮಾಡಿ ಕಳುಹಿಸುತ್ತೇವೆ. ತುದಿಯನ್ನು ಯಾರೂ ಬಿಚ್ಚಿರುವದಿಲ್ಲ. ಬಿತ್ತನೆಯ ಕಾಲದಲ್ಲಿ ಬದುವಿನ ಮಾತು ಬಂದ ಕೂಡಲೇ ಅದೇ ಸ್ಥಳದಲ್ಲಿ ಹರಿಯುತ್ತದೆ.

ಹೊಲದ ಹೂವುಗಳು ನೂಲುವದಿಲ್ಲವೆಂದು ಕರ್ತನು ಹೇಳಿದ್ದನ್ನು (ಮತ್ತಾಯ 6ನೆಯ ಅಧ್ಯಾಯ) ಹಿಡಿದು ಈ ಕೆಲಸವನ್ನು ಹೀನವಾಗಿ ಎಣಿಸುವವರಿದ್ದಾರೆ. ಆತನು ಹೂವುಗಳ ವಿಷಯವಾಗಿ ಮಾತನಾಡಿದ್ದು ಚಿಂತೆಯಿಂದ ಕುಗ್ಗಿದವರನ್ನು ಧೈರ್ಯಪಡಿಸುವದಕ್ಕಾಗಿ, ದುಡಿಯುವವರನ್ನು ಹಳಿಯುವದಕ್ಕಾಗಿ ಅಲ್ಲ. ಆತನು ಧರಿಸಿದ ಒಳಂಗಿಯು ಹೊಲಿಗೆಯಿಲ್ಲದೆ ಮೇಲಿನಿಂದ ಪೂರಾ ನೇಯ್ದದ್ದೆಂದು ಯೋಹಾನನು ಬರೆದಿದ್ದಾನೆ. ಅದಕ್ಕಾಗಿ ಸಿಪಾಯಿಗಳು ಚೀಟು ಹಾಕಿದರು. ಆ ಅಂಗಿಯ ನೂಲನ್ನು ಯಾವಳೋ ಒಬ್ಬಳು ದೀಪದ ಮುಂದೆ ಕೂತು ನೂತಿರಲೇ ಬೇಕು.

ಈಗಿನ ಸ್ಥಿತಿಯನ್ನು ನೀವು ಬಲ್ಲಿರಿ. ಗಿರಣಿಯ ಹೊದಿಕೆಗಳು ಸಂತೆಯಲ್ಲಿ ಅಗ್ಗವಾಗಿ ಸಿಕ್ಕುವವು. ಉಣ್ಣೆಯಿಂದ ಕತ್ತರಿಸುವವನ ಕೂಲಿಯೂ ಹುಟ್ಟದೆ ಕುರಿಯವರು ಎಷ್ಟೋ ಕಡೆ ಅದನ್ನು ಬಿಸಾಡುತ್ತಾರೆ. ಉಣ್ಣೆಯಿಲ್ಲದ ಜಾತಿಯ ಕುರಿಗಳನ್ನು ಮಾಂಸಕ್ಕಾಗಿ ಸಾಕುವವರೂ ಹೆಚ್ಚಿದ್ದಾರೆ. ಇದರಲ್ಲಿ ಕುರಿಯವನ ತಪ್ಪನ್ನು ನಾನು ಕಾಣೆನು. ಕೊಳ್ಳುವ ನಮ್ಮ ತಪ್ಪು ಉಂಟು. ಅದರಲ್ಲಿ ನನ್ನ ಪಾಲನ್ನು ಹೇಳದೆ ಈ ಪ್ರಸಂಗವನ್ನು ಬರೆಯುವದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಕೈನೂಲಿನ ಕಂಬಳಿಯೊಂದನ್ನು ಕೊಂಡೆನು. ನೇಕಾರನು ಹೇಳಿದ ಬೆಲೆಯನ್ನು ಕೇಳಿ, ಅಂಗಡಿಯಲ್ಲಿ ಗಿರಣಿಯ ಹೊದಿಕೆ ಎಷ್ಟಕ್ಕೆ ಸಿಕ್ಕುವದೆಂದು ತಿಳಿಸಿ, ಇನ್ನೂರು ರೂಪಾಯಿ ಕಡಿಮೆ ಮಾಡಿಸಿದೆನು. ಅವನು ಹೆಚ್ಚು ಮಾತಾಡದೆ ಕೊಟ್ಟನು. ಚಳಿಗಾಲವೆಲ್ಲಾ ಅದನ್ನು ಹೊದ್ದು ಸುಖವಾಗಿ ಮಲಗಿದೆನು. ಬಡವನ ಹೊದಿಕೆಯನ್ನು ಒತ್ತೆಯಿಟ್ಟುಕೊಂಡರೆ ಹೊತ್ತು ಮುಳುಗುವದಕ್ಕೆ ಮುಂಚೆ ಹಿಂದಕ್ಕೆ ಕೊಡಬೇಕೆಂಬ ನ್ಯಾಯದ ಮೇಲೆ (ವಿಮೋಚನಕಾಂಡ 22ನೆಯ ಅಧ್ಯಾಯ) ಒಂದು ಆದಿತ್ಯವಾರ ಅದೇ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಪ್ರಸಂಗ ಮಾಡಿದೆನು ಸಹ! ಆ ರಾತ್ರಿ ಕಂಬಳಿಯು ಎಂದಿಗಿಂತ ಹೆಚ್ಚಾಗಿ ಚುಚ್ಚಿತು. ಆ ಇನ್ನೂರು ರೂಪಾಯಿಯು ಮುಚ್ಚಿದ ಕೂಲಿಯಲ್ಲದೆ ಮತ್ತೇನು? ಕೂಗಿಕೊಳ್ಳುವ ಕೂಲಿಯ ವಿಷಯವಾಗಿ ಯಾಕೋಬನು ಐದನೆಯ ಅಧ್ಯಾಯದಲ್ಲಿ ಬರೆದದ್ದು ಹೊಲ ಕೊಯ್ದವರಿಗೆ ಮಾತ್ರವೋ?

ಬೆಳಿಗ್ಗೆ ಎದ್ದು ಆ ಹಳ್ಳಿಗೆ ಹೋಗಿ ರೊಕ್ಕವನ್ನು ನೇಕಾರನ ಕೈಯಲ್ಲಿ ಇಟ್ಟೆನು. ಅವನು ಎಣಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯನವರ, ಇದು ನನ್ನದಲ್ರಿ. ಮಗ್ಗದ ಕೂಲಿ ನನಗ ಆವತ್ತ ಮುಟ್ಟೇತಿ. ಕಡಿಮಿ ಬಿದ್ದದ್ದು ನೂಲಿನ ಲೆಕ್ಕದಾಗ. ಅದು ನಮ್ಮ ಅತ್ತಿಗೆವ್ವಂದು,” ಅಂದನು.

ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಒಬ್ಬ ಮುದುಕಿಯು ಕದಿರನ್ನು ತೊಡೆಯ ಮೇಲೆ ಉಜ್ಜಿ ಬಿಡುತ್ತಿದ್ದಳು. ನಾನು ಕಂಬಳಿ ಕೊಂಡ ದಿನವೂ ಅವಳು ಅಲ್ಲಿಯೇ ಕೂತಿದ್ದಳಂತೆ, ನಾನು ನೋಡಿದ್ದಿಲ್ಲ. ರೊಕ್ಕವನ್ನು ಕೊಟ್ಟು, “ಅವ್ವಾ, ತಪ್ಪಾಯಿತು,” ಅಂದೆನು. ಅವಳು ನೂಲನ್ನು ಕದಿರಿಗೆ ಸುತ್ತಿ, ರೊಕ್ಕವನ್ನು ಸೆರಗಿಗೆ ಗಂಟು ಹಾಕಿಕೊಂಡು, “ಕಂಬಳಿ ಬೆಚ್ಚಗ ಐತೇನಪಾ?” ಎಂದು ಕೇಳಿದಳು. ಹೌದೆಂದೆನು. ಹಿಂದಿರುಗಿ ಬಾಗಿಲ ವರೆಗೆ ಬಂದ ಮೇಲೆ, ಇಷ್ಟಾದರೂ ಅವಳ ಹೆಸರನ್ನು ಕೇಳಲಿಲ್ಲವೆಂಬದು ನೆನಪಿಗೆ ಬಂದು, ತಿರಿಗಿ ಹೋಗಿ ಕೇಳಿದೆನು. ಹೇಳಿದಳು. ಕಾಗದದಾಗ ಹಾಕಬ್ಯಾಡ ಎಂದು ಸಹ ಹೇಳಿದ್ದರಿಂದ ಇಲ್ಲಿ ಬರೆದಿಲ್ಲ.